ಚಿಕ್ಕಮ್ಮನ ಕಾಲಿನ ಫೈಲು

ಚಿಕ್ಕಮ್ಮನಿಗೆ ಹಾಕಿದ ಹೊಸ ಕೃತಕ ಕಾಲು ಸರಿಯಾಗಿ ಕೂರಲಿಲ್ಲ. ಮೊಣಕಾಲ ಕೆಳಗೆ ಒಂದು ಕಡೆ ಒತ್ತಿ ಗಾಯ, ಇನ್ನೊಂದು ಕಡೆ ಸಡಿಲ. "ಅಭ್ಯಾಸ ಆಗುತ್ತೆ" ಎಂದು ಚಿಕಿತ್ಸಾಲಯದವರೆಲ್ಲ ಹೇಳಿದರು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು, ನಾನೂ ದನಿಗೂಡಿಸಿದೆ.

"ತಪ್ಪು ನನ್ನ ಕಾಲಿಂದೇ ಇರ್ಬೇಕು ಬಿಡು. ಇನ್ನೊಂದ್ಸಲ ನೋಡೋಣ. ಅದೂ ಕೂರಲಿಲ್ಲ ಅಂದ್ರೆ ಹೊಲಿಗೆ ಮಿಷನ್ನು ಮಾರಿಬಿಡ್ತೀನಿ" ಎಂದಳು ಚಿಕ್ಕಮ್ಮ. ಮೂಗಿನ ತುದಿಯಲ್ಲೇ ಕೋಪವಿರುವ ಹೆಂಗಸು ಅಷ್ಟು ಮೆತ್ತಗೆ ಮಾತಾಡಿದ್ದು ಕೇಳಿ ನನಗೆ ಹೆದರಿಕೆಯಾಯಿತು.

ಮತ್ತೆ ಅಳತೆ ತೆಗೆದು, ಕಾಲು ತಯಾರಿಸುವ ಕಾರ್ಖಾನೆಯ ಸರ್ವರ್‌ಗೆ ಫೈಲು ಕಳಿಸಲು ಕೂತೆ. ನಮ್ಮ ಹಳೇ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಮಾಡುವುದು ಎರಡೇ ಕೆಲಸ: ಫೈಲು ತಲುಪಿಸುವುದು, ಆಮೇಲೆ ಅಲ್ಲಿನ ಯಂತ್ರಕ್ಕೆ ಕಾಲಿನ ಅಚ್ಚು ಕೆತ್ತಲು ಆಜ್ಞೆ ಕೊಡುವುದು. ಈ ಸಲ ಫೈಲು ಹೋಯಿತು. ಆಜ್ಞೆಗೆ ಮಾತ್ರ ಉತ್ತರ ಬಂತು: ಇಲ್ಲಿ ಫೈಲು ಸಾಗಣೆಗಷ್ಟೇ ಅನುಮತಿ.

ಇದು ಬೀಗದಣ್ಣನದೇ ಕೆಲಸ. ಸರ್ವರ್ ಕಾಯುವ ಆಸಾಮಿ ಕಂಡಕಂಡದ್ದಕ್ಕೆಲ್ಲ ಬೀಗ ಜಡಿಯುತ್ತಾನೆಂದು ನಾವಿಟ್ಟ ಹೆಸರು ಅದು. ಚೆನ್ನಾಗಿ ದಬಾಯಿಸಬೇಕೆಂದೇ ಬಸ್ಸು ಹತ್ತಿ ಹೋದೆ. ಹೋದರೆ, ಅವನ ಮೇಜಿನ ಮೇಲೆ ಎರಡು ಅಚ್ಚುಗಳು ಅಕ್ಕಪಕ್ಕ ನಿಂತಿದ್ದವು. ಒಂದಕ್ಕೆ ಕಾಲು ಕಳೆದುಕೊಂಡ ಯಾರೋ ಬೆಸುಗೆಯವನ ಹೆಸರಿನ ಚೀಟಿ, ಹೋದ ಸಲ ಕೆತ್ತಿದ ಇನ್ನೊಂದಕ್ಕೆ ಚಿಕ್ಕಮ್ಮನದು.

"ವ್ಯತ್ಯಾಸ ಹುಡುಕಿ ನೋಡೋಣ" ಎಂದ.

ತಿರುಗಿಸಿ ಮುರುಗಿಸಿ ನೋಡಿದೆ, ಬೆರಳಾಡಿಸಿದೆ. ಕೂದಲೆಳೆಯಷ್ಟೂ ಇರಲಿಲ್ಲ. ಕೋಪ ಎಲ್ಲಿ ಹೋಯಿತೋ, ಕುತೂಹಲ ಹಿಡಿದುಕೊಂಡಿತು. "ನಮ್ಮ ಚಿಕ್ಕಮ್ಮನ ಕಾಲೂ ಇವನದೂ ಹೀಗೆ ಒಂದೇ ಥರ ಇರೋದು ಹೇಗೆ ಸಾಧ್ಯ?"

"ಆವತ್ತು ಅರ್ಧದಲ್ಲೇ ಲೈನು ಕಡಿದು ನಿಮ್ಮ ಚಿಕ್ಕಮ್ಮನ ಫೈಲು ಬರಲೇ ಇಲ್ಲ. ನಿಮ್ಮ ಸ್ಕ್ರಿಪ್ಟಿಗೆ ಅದರ ಪರಿವೆ ಎಲ್ಲಿದೆ? ಲೈನು ಬಂದ ಕೂಡ್ಲೇ 'ಕೊನೆಗೆ ಬಂದಿದ್ದನ್ನ ಕೆತ್ತು' ಅಂದಿದೆ. ಕೊನೆಗೆ ಬಂದಿದ್ದು ಬೆಸುಗೆಯವನದು. ಹೊರಗಿಂದ ಯಾರು ಏನು ಹೇಳಿದ್ರೂ ತಲೆಯಾಡಿಸೋ ಸರ್ವರ್ ನಂಗೆ ಬೇಡ. ಅದಕ್ಕೇ ಬೀಗ."

ಚಿಕ್ಕಮ್ಮ ಇಷ್ಟು ದಿನ ಹಲ್ಲು ಕಚ್ಚಿ ನಡೆದದ್ದು ಯಾರದೋ ಕಾಲಿನ ಅಳತೆಯಲ್ಲಿ.

"ಈಗ ಕೆತ್ತಿಸೋದು ಹೇಗೆ ಮತ್ತೆ?"

"ಅದೇ ನಂಗೂ ಹೊಳೀತಿಲ್ಲ" ಎಂದ ಪುಣ್ಯಾತ್ಮ.

ಸ್ವಲ್ಪ ಯೋಚಿಸಿ ಕೇಳಿದೆ. "ಕಳಿಸಿದ ಫೈಲಿನ ಹೆಸರು ಬದಲಾಯಿಸೋಕೆ ಬಿಡ್ತೀರಾ?"

"ಅದು ಸಾಗಣೆಗೇ ಸೇರಿದ್ದು. ಬಿಡ್ತೀನಿ."

"ಹಾಗಾದ್ರೆ 'ಅರ್ಧ' ಅನ್ನೋ ಹೆಸರಲ್ಲಿ ಕಳಿಸ್ತೀನಿ. ಇಡೀ ಫೈಲು ತಲುಪಿದ್ದು ಖಾತ್ರಿ ಆದ್ಮೇಲೆ 'ಪೂರ್ತಿ' ಅಂತ ಮಾಡ್ತೀನಿ. ನಿಮ್ಮ ಸರ್ವರಿನೊಳಗಿನ ಪ್ರೋಗ್ರಾಮು 'ಪೂರ್ತಿ' ಕಂಡಾಗ ಅದನ್ನಷ್ಟೇ ತಾನಾಗಿ ಕೆತ್ತಲಿ."

"ಆಜ್ಞೆ ಕೊಡದೇನೇ ಕೆಲಸ ಮಾಡಿಸ್ಕೊಳ್ತೀರಿ ಅನ್ನಿ."

"ಮನೇಲಿ ಚಿಕ್ಕಮ್ಮ ಇದಾಳಲ್ಲ, ಅಭ್ಯಾಸವಿದೆ."

ಅವನು ನಕ್ಕು ಕೀಲಿಮಣೆ ಎಳೆದುಕೊಂಡ. ಸಂಜೆಯೊಳಗೆ ಯಂತ್ರ ತಾನಾಗಿ ಸದ್ದು ಮಾಡಿತು.

ಹೊಸ ಕಾಲು ಹಾಕಿಕೊಂಡ ಚಿಕ್ಕಮ್ಮ ನೇರ ಮಿಷನ್ನಿನ ಮುಂದೆ ಕೂತು ಪೆಡಲು ಒತ್ತಿದಳು. ಚಕ್ರ ತಿರುಗಿತು. ಅವಳು ಒಮ್ಮೆಯೂ ಮುಖ ಕಿವುಚಲಿಲ್ಲ. ಆಗ ನಡೆದದ್ದನ್ನೆಲ್ಲ ಹೇಳಿದೆ. ಎರಡು ಬೈಗುಳವಾದರೂ ಬರುತ್ತವೆಂದು ಕಾದೆ, ಬರಲಿಲ್ಲ.

"ಹಾಗಾದ್ರೆ ಇದರದ್ದೇನೂ ತಪ್ಪಿರಲಿಲ್ಲ" ಎಂದಳು. ಹೊಲಿಗೆ ನಿಲ್ಲಿಸಿ, ಬಗ್ಗಿ, ತನ್ನ ಮೊಣಕಾಲನ್ನು ಮೆಲ್ಲಗೆ ಸವರಿದಳು.