ಎಳೆ ಹೇಂಟೆಗಳ ದೀಪ

ನಮ್ಮ ಎಳೆ ಹೇಂಟೆಗಳು ಮೈ ಬಲಿಯುವ ಮೊದಲೇ ಗೋಲಿಯಂಥ ಮೊಟ್ಟೆ ಇಡತೊಡಗಿದಾಗ ಕೋಳಿ ಡಾಕ್ಟರನ್ನು ಕರೆಸಿದೆ. ಅವರು ಹೊರಗಿನ ಬೆಳಕು ತಡೆಯಲು ಶೆಡ್ಡಿಗೆ ಹಾಕಿದ್ದ ಕಪ್ಪು ಪರದೆಗಳನ್ನು ಎಳೆದು ನೋಡಿ, "ಕತ್ತಲಾದ್ಮೇಲೆ ಇಲ್ಲಿ ದೀಪ ಹಾಕ್ತೀರಾ?" ಎಂದರು.

"ಯಾರ್ ಹಾಕ್ತಾರೆ? ಕರೆಂಟೇನು ಪುಕ್ಕಟೆ ಬರುತ್ತಾ?"

"ಯಾರೋ ಹಾಕ್ತಿದಾರಮ್ಮ. ಬೆಳಕು ತಲೆಬುರುಡೆ ದಾಟಿ ಮಿದುಳಿಗೆ ಮುಟ್ಟುತ್ತೆ. ಹಗಲು ಉದ್ದ ಆಯ್ತು ಅಂದ್ಕೊಂಡು ಅದು ಹಾರ್ಮೋನ್ ಬಿಡುತ್ತೆ. ಇವು ಹೊತ್ತಿಗೆ ಮುಂಚೆನೇ ಮೊಟ್ಟೆ ಇಡ್ತವೆ."

ಶೆಡ್ಡು ನೋಡಿಕೊಳ್ಳುವ ನನ್ನ ತಮ್ಮ ತಲೆ ತಗ್ಗಿಸಿದ. "ನಾನೇ ಅಕ್ಕಾ. ರಾತ್ರಿ ಇಲ್ಲೇ ಕೂತು ಉಣ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. "ನಿನಗೆ ರೂಮಿಲ್ವಾ?"

"ರೂಮಲ್ಲಿ ಯಾರಿದಾರೆ?"

ಹೆಂಡತಿ ತೀರಿಕೊಂಡ ಮೇಲೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಆ ವಟವಟ ತಾಳಲಾರದೆ ನಾನು ಅವನ ಊಟದ ತಟ್ಟೆಯನ್ನು ರೂಮಿಗೇ ಕಳಿಸುತ್ತಿದ್ದೆ.

"ಇನ್ನೊಂದ್ಸಲ ದೀಪ ಮುಟ್ಟಿದ್ರೆ ನೋಡು!" ಎಂದು ಗದರಿದೆ.

ಕತ್ತಲಾದ ಮೇಲೆ ಅನುಮಾನದಿಂದಲೇ ಶೆಡ್ಡಿಗೆ ಹೋದೆ. ದೀಪ ಆರಿತ್ತು. ತಟ್ಟೆಯ ಸದ್ದಿನ ನಡುವೆ ತಮ್ಮ ಕತ್ತಲಿಗೇ ಹೇಳುತ್ತಿದ್ದ: "ಅಕ್ಕ ಇವತ್ತು ಉರಿದು ಬಿದ್ಲು, ನೋಡಿದ್ರಾ? ಏನಾದ್ರೂ ಅನ್ರೇ."

ಬೆಳಕಿಲ್ಲದೆ ಹೇಂಟೆಗಳು ದನಿ ಎತ್ತುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನೂ ಎತ್ತಲಿಲ್ಲ.