ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ

ಹಿರೇವಡ್ಡಟ್ಟಿಯಿಂದ ಮುಂಡರಗಿಯ ಹೊಲಿಗೆ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸಿನ ಹೊತ್ತು ಎಂದೂ ಕೂಡಿಬರುತ್ತಿರಲಿಲ್ಲ. ಬಸ್ಸು ಮುಟ್ಟುವುದರೊಳಗೆ ಕಾರ್ಖಾನೆಯ ಗೇಟು ಮುಚ್ಚಿರುತ್ತಿತ್ತು. ಹಾಗಾಗಿ ಎಲ್ಲರೂ ಸೇರಿ ಫಕ್ಕೀರಪ್ಪನ ಜೀಪನ್ನು ತಿಂಗಳ ಬಾಡಿಗೆಗೆ ಗೊತ್ತು ಮಾಡಿಕೊಂಡಿದ್ದರು.

ಫಕ್ಕೀರಪ್ಪ ನಿಧಾನದ ಮನುಷ್ಯ. ಕುಡಿಯುವವನಲ್ಲ, ಗಾಡಿ ನಡೆಸುವಾಗ ಫೋನು ಮುಟ್ಟುವವನಲ್ಲ. ಅವನ ಅಕ್ಕ ಸಾವಂತ್ರೆವ್ವ ತನ್ನ ಹಿರಿಯ ಮಗಳು ಪ್ರಿಯಾಂಕಾಳನ್ನು ಕಾರ್ಖಾನೆ ಕೆಲಸಕ್ಕೆ ಕಳಿಸಲು ಒಪ್ಪಿದ್ದೇ ತಮ್ಮನ ಗಾಡಿ ಇದೆಯೆಂಬ ಧೈರ್ಯದ ಮೇಲೆ. ಹುಡುಗಿ ದಿನಾ ಮುಂದಿನ ಸೀಟಿನಲ್ಲಿ, ಸೋದರಮಾವನ ಮಗ್ಗುಲಲ್ಲೇ ಕೂಡುತ್ತಿದ್ದಳು.

ಆ ಬೇಸಿಗೆಯಲ್ಲಿ ಜೀಪಿನ ಟೈರು ಸವೆದು ನುಣ್ಣಗಾದವು. ಎಲ್ಲೋ ಕಡಿಮೆಗೆ ಸಿಗುತ್ತವೆಂದು ಯಾರೋ ಹೇಳಿದರು. ಫಕ್ಕೀರಪ್ಪ ಹೋಗಿ ನಾಲ್ಕೂ ಟೈರು ತಂದು ಹಾಕಿಸಿದ. ಕರ್ರಗೆ ಮಿರಮಿರ ಮಿಂಚುತ್ತಿದ್ದವು, ಮೇಲಿನ ಗೀರುಗಳೂ ಆಳವಾಗಿದ್ದವು. ನೋಡಿದವರೆಲ್ಲ ಹೊಸ ಟೈರೆಂದೇ ಅಂದರು. ಆದರೆ ಗಾಡಿ ಡಾಂಬರಿಗೆ ಬಂದರೆ ಸಾಕು, ಕೆಳಗಿನಿಂದ ಗೋ ಎಂದು ಕೂಗಲು ಶುರುವಾಗುತ್ತಿತ್ತು.

"ಮಾವಾ, ಇದೇನು ಗಾಡಿ ಹಿಂಗ ಒದರಾಕ ಹತ್ತೈತಿ? ನಾವು ಮಾತಾಡಿದ್ದು ನಮಗ ಕೇಳವಲ್ದು," ಎಂದಳು ಪ್ರಿಯಾಂಕಾ.

"ಹೊಸಾವಲ್ಲೇನವ್ವಾ, ನಾಕ ದಿನ ಓಡ್ಲಿ, ತಣ್ಣಗ ಆಕ್ಕಾವ."

"ಡೀಸಲ್ಲೂ ಮೊದಲಿಗಿಂತ ಭಾಳ ಕುಡಿತೈತಿ ಅಂತಿದ್ದಿ?"

"ಹ್ಞೂಂ, ರಸ್ತಿ ಹಂಗ ಅದಾವ. ಟೈರ್ ಏನ್ ಮಾಡ್ತಾವ ಪಾಪ! ಟೈರ್ ಅಂದ್ರ ಟೈರ್."

ಮಾತು ಅಲ್ಲಿಗೇ ಮುಗಿಯಿತು.

ಮುಂಗಾರಿನ ಶುರುವಿಗೆ ಬರುವ ಮಿರಗದ ಮೊದಲ ಮಳೆ ಒಂದು ಸಂಜೆ ಬಿತ್ತು. ದೊಡ್ಡ ಮಳೆಯೇನಲ್ಲ, ರಸ್ತೆಯ ಧೂಳು ನೆನೆದು ಜಿಡ್ಡಾಗುವಷ್ಟು. ಕೆಲಸ ಬಿಟ್ಟ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಜೀಪು ಮುಂಡರಗಿಯಿಂದ ಊರಿನ ಕಡೆ ಬರುತ್ತಿತ್ತು. ಒಂದು ತಿರುವಿನಲ್ಲಿ ಕೆಟ್ಟುನಿಂತ ಟ್ರ್ಯಾಕ್ಟರಿನ ಟ್ರೇಲರು ಕಂಡಿತು. ದೂರವೇ ಇತ್ತು. ಫಕ್ಕೀರಪ್ಪ ಬ್ರೇಕ್ ಒತ್ತಿದ. ಗಾಲಿಗಳು ತಿರುಗುವುದನ್ನು ನಿಲ್ಲಿಸಿದವು. ಗಾಡಿ ಮಾತ್ರ ಎಣ್ಣೆಯ ಮೇಲೆ ಇಟ್ಟ ಹಾಗೆ ಜಾರಿಕೊಂಡು ಹೋಯಿತು. ಅವನು ಸ್ಟೇರಿಂಗ್ ಬಲಕ್ಕೆ ತಿರುವಿದ, ಗಾಡಿ ಬಲಕ್ಕೆ ಬರಲಿಲ್ಲ. ಪ್ರಿಯಾಂಕಾ ಕುಳಿತಿದ್ದ ಎಡಗಡೆಯ ಮುಂಭಾಗ ಹೋಗಿ ಟ್ರೇಲರಿಗೆ ಅಪ್ಪಳಿಸಿತು.

ಹಿಂದೆ ಕುಳಿತವರಿಗೆ ಕೈಕಾಲು ಮುರಿದವು. ಪ್ರಿಯಾಂಕಾಳನ್ನು ಗದಗಿನ ದವಾಖಾನೆಗೆ ಒಯ್ಯುತ್ತಿದ್ದರು. ಗದಗು ಮುಟ್ಟುವ ಮೊದಲೇ ಜೀವ ಹೋಯಿತು.

ಮಣ್ಣು ಕೊಟ್ಟು ಬಂದ ಮೇಲೆ ಊರಿನ ಬಾಯಿ ತೆರೆಯಿತು. ಬ್ರೇಕ್ ಫೇಲ್ ಆಗಿರಬೇಕು ಎಂದರು. ಪೊಲೀಸರು ಗಾಡಿ ನೋಡಿಸಿದರು. ಬ್ರೇಕು ಸರಿಯಾಗಿಯೇ ಇತ್ತು. ಹಾಗಾದರೆ ತೂಕಡಿಸಿರಬೇಕು, ಜೋರು ಹೊಡೆದಿರಬೇಕು ಎಂದರು. ಫಕ್ಕೀರಪ್ಪ ಸಿಕ್ಕಸಿಕ್ಕವರ ಮುಂದೆ ಒಂದೇ ಮಾತು ಹೇಳುತ್ತಿದ್ದ: "ನಾ ಬ್ರೇಕ್ ಒತ್ತಿನ್ರೀ. ಗಾಲಿ ನಿಂತ್ವು, ಗಾಡಿ ನಿಲ್ಲಲಿಲ್ಲ." ಯಾರು ನಂಬುತ್ತಾರೆ? ಗಾಲಿ ನಿಂತ ಮೇಲೆ ಗಾಡಿ ನಿಲ್ಲಲೇಬೇಕಲ್ಲ!

ಸಾವಂತ್ರೆವ್ವನೂ ನಂಬಲಿಲ್ಲ. ಫಕ್ಕೀರಪ್ಪ ಬಾಗಿಲಿಗೆ ಬಂದಾಗ ಅವಳು ಎದ್ದು ಒಳಗೆ ಹೋದಳು. ಒಳಗಿನಿಂದಲೇ ಹೇಳಿದಳು: "ಬ್ರೇಕ್ ಛಲೋ ಇತ್ತಂದ್ರ ಕಾಲ ಎಲ್ಲಿತ್ತೋ ನಿಂದು? ನನ್ನ ಮಗಳನ ನಿನ್ನ ಕೈಯಾಗ ಕೊಟ್ಟಿದ್ನಿ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ."

ಅವನು ಮತ್ತೆ ಬರಲಿಲ್ಲ. ಜೀಪನ್ನು ಓಣಿಯ ಸೋಮೇಶನಿಗೆ ಮಾರಿ, ಮನೆಯ ಮೂಲೆ ಹಿಡಿದು ಕುಳಿತುಬಿಟ್ಟ. ಉಣ್ಣು ಎಂದರೆ ಉಣ್ಣುತ್ತಿದ್ದ, ಇಲ್ಲದಿದ್ದರೆ ಇಲ್ಲ. ಸೋಮೇಶ ಗಾಡಿಯ ಮುಂಭಾಗ ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಅದೇ ಹೆಣ್ಣುಮಕ್ಕಳನ್ನು ಅದೇ ಕಾರ್ಖಾನೆಗೆ ಒಯ್ಯತೊಡಗಿದ. ಹೊಟ್ಟೆ ಕೇಳಬೇಕಲ್ಲ. ಸಾವಂತ್ರೆವ್ವನ ಕಿರಿಯ ಮಗಳು ಕಸ್ತೂರಿಯೂ ಅಕ್ಕನ ಹೊಲಿಗೆ ಯಂತ್ರದ ಮುಂದೆ ಹೋಗಿ ಕುಳಿತಳು. ಅವಳು ಜೀಪು ಹತ್ತಿದ ಮೇಲೆ ಸಾವಂತ್ರೆವ್ವ ಒಲೆ ಹಚ್ಚುತ್ತಿರಲಿಲ್ಲ. ಸಂಜೆ ಮಗಳು ಇಳಿಯುವ ತನಕ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದಳು.

ಒಂದು ರವಿವಾರ ಸಪ್ನಾ ಬಂದಳು. ಪ್ರಿಯಾಂಕಾಳ ಜೊತೆ ಓದಿದ ಹುಡುಗಿ, ಡಿಪ್ಲೊಮಾ ಮುಗಿಸಿ ಬಸ್ ಡಿಪೋ ಒಂದರಲ್ಲಿ ಟೈರು ನೋಡುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ತರಬೇತಿಗೆಂದು ದೂರ ಹೋಗಿದ್ದರಿಂದ ಮಣ್ಣಿಗೆ ಬರಲು ಆಗಿರಲಿಲ್ಲ. ಸಾವಂತ್ರೆವ್ವನ ಕೈ ಹಿಡಿದು ಬಹಳ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ಏನಾಯಿತೆಂದು ಕೇಳಿದಳು.

"ಏನಾಗೂದು? ಅಕಿ ಹಣ್ಯಾಗ ಅಷ್ಟ ಬರದಿತ್ತು," ಎಂದಳು ಸಾವಂತ್ರೆವ್ವ. "ಆ ನನ್ನ ತಮ್ಮ ಅನ್ನಿಸ್ಕೊಂಡಾವ ಹೇಳತಾನ, ಗಾಲಿ ನಿಂತ್ವಂತ, ಗಾಡಿ ನಿಲ್ಲಲಿಲ್ಲಂತ. ಸಣ್ಣ ಹುಡುಗರಿಗೆ ಹೇಳಿದಂಗ ಹೇಳತಾನ."

ಸಪ್ನಾಳ ಮುಖ ಬದಲಾಯಿತು. "ದೊಡ್ಡವ್ವಾ, ಆ ಗಾಡಿ ಎಲ್ಲೈತಿ?"

ಜೀಪು ಸೋಮೇಶನ ಮನೆ ಮುಂದೆ ನಿಂತಿತ್ತು. ಸಪ್ನಾ ಬಗ್ಗಿ ಟೈರಿಗೆ ಉಗುರು ಒತ್ತಿದಳು. ಗೀರುಗಳ ಸಂದಿನಲ್ಲಿ ಕೂದಲೆಳೆಯಂಥ ಬಿರುಕು ಕಂಡವು. ಟೈರಿನ ಪಕ್ಕೆಯನ್ನು ಒರೆಸಿ, ಅಲ್ಲಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟಳು.

"ಸೋಮೇಶಣ್ಣಾ, ಈ ಟೈರ್ ಫಕ್ಕೀರಪ್ಪ ಮಾವ ಹಾಕಿಸಿದ್ವೇನು?"

"ಹೌದು. ಮ್ಯಾಲಿನ ಗೀರು ನೋಡು, ಎಷ್ಟ ಆಳ ಅದಾವ. ಹೊಸಾವ ಅವು."

"ಹಾಕಿಸಿದ್ದು ಹೊಸದಾಗಿ. ಹುಟ್ಟಿದ್ದು ಎಂಟ ವರ್ಷದ ಹಿಂದ. ಇಲ್ನೋಡ್ರಿ, ಮೊದಲಿನ ಎರಡ ಅಂಕಿ ತಯಾರಾದ ವಾರ, ಕಡೀ ಎರಡ ಅಂಕಿ ವರ್ಷ. ಎಲ್ಲೋ ಬಿಸಲಾಗ ಬಿದ್ದ ಟೈರಿಗೆ ಪಾಲಿಶ್ ಹಚ್ಚಿ ಮಾರ್‍ಯಾರ. ರಬ್ಬರ್ ಬಿರಸ ಆಗೇತಿ. ಒಣ ರಸ್ತ್ಯಾಗ ಹ್ಯಾಂಗೋ ನಡೀತೈತಿ. ರಸ್ತಿ ಹಸಿ ಆತಂದ್ರ ಇದಕ್ಕ ಹಿಡಿತ ಸಿಗಂಗಿಲ್ಲ. ಬ್ರೇಕ್ ಗಾಲಿ ನಿಲ್ಲಸತೈತಿ ಅಣ್ಣಾ. ಗಾಡಿ ನಿಲ್ಲಸೂದು ಟೈರು."

ಸೋಮೇಶ ನಕ್ಕ. "ಟೈರ್ ಅಂದ್ಮ್ಯಾಲ ರಬ್ಬರವ್ವಾ. ಎಲ್ಲಾ ಒಂದ. ಕಂಪನಿಯವ್ರು ಮಾರಾಕ ನೂರಾಎಂಟ ಕಥಿ ಕಟ್ಟತಾರ."

"ಒಂದ ಇದ್ದಿದ್ರ ಅಳದು ನೋಡೂ ನಿಯಮ ಯಾಕ ಬರತಿದ್ವು? ಕಾರು, ಜೀಪು, ಬಸ್ಸು, ಲಾರಿ ಟೈರಿಗೆ ಈಗ ಮೂರು ಪರೀಕ್ಷಾ ಅದಾವ. ಎಷ್ಟು ಹಗರಾಗಿ ಉರುಳತೈತಿ, ಹಸಿ ರಸ್ತಿ ಎಷ್ಟು ಹಿಡಿತೈತಿ, ಎಷ್ಟು ಸಪ್ಪಳ ಮಾಡತೈತಿ. ಫ್ರಿಜ್ಜಿನ ಮ್ಯಾಲ ನಕ್ಷತ್ರ ಇರತಾವಲ್ಲ, ಹಂಗ ಕೆಲವು ಟೈರಿಗೂ ನಕ್ಷತ್ರದ ಲೇಬಲ್ ಬಂದಾವ. ನಕ್ಷತ್ರ ಹೆಚ್ಚಿದ್ರ ಡೀಸಲ್ ಕಡಿಮಿ ತಿಂತೈತಿ. ನೀ ಹಾಕೂ ಡೀಸಲ್ಲಿನಾಗ ಒಂದ ದೊಡ್ಡ ಪಾಲು ಬರೇ ಗಾಲಿ ಉರುಳಾಕ ಹೋಗತೈತಿ, ಗೊತ್ತೈತೇನು?"

ಸೋಮೇಶನ ನಗೆ ಸಣ್ಣದಾಯಿತು. ಡೀಸಲ್ ಖರ್ಚು ಅವನಿಗೂ ಭಾರವಾಗಿತ್ತು. "ಹಂಗಾರ ನಕ್ಷತ್ರ ನೋಡಿ ತಂದ್ರ ಮುಗೀತಲ್ಲ?"

"ಮುಗ್ಯಂಗಿಲ್ಲ. ನಕ್ಷತ್ರ ಹೇಳೂದು ಮುಖ್ಯವಾಗಿ ಡೀಸಲ್ಲಿನ ಮಾತು. ಮಳಿಯಾಗಿನ ಹಿಡಿತ ಹ್ಯಾಂಗೈತಿ ಅಂತ ಬ್ಯಾರೆ ಕೇಳಬೇಕು. ಕೆಲವು ಟೈರಿನ ಚೀಟ್ಯಾಗ ಮೂರೂ ಇರತಾವ, ಡೀಸಲ್ ಪಂಪಿನ ಚಿತ್ರ, ಮಳಿ ಮೋಡದ ಚಿತ್ರ, ಸಪ್ಪಳದ ಚಿತ್ರ. ಎಲ್ಲಾ ಟೈರಿಗೂ ಇನ್ನಾ ಲೇಬಲ್ ಬಂದಿಲ್ಲ. ಬರದಿದ್ರ ಕೇಳೂದು ನಮ್ಮ ಕೆಲಸ."

ಸಪ್ನಾಳ ಹಿಂದೆಯೇ ಬಂದಿದ್ದ ಸಾವಂತ್ರೆವ್ವ ಟೈರಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಮೆಲ್ಲಗೆ ಕೇಳಿದಳು: "ಸಪ್ನಾ, ಛಲೋ ಟೈರ್ ಇದ್ದಿದ್ರ ಗಾಡಿ ನಿಲ್ಲತಿತ್ತೇನು?"

"ಆಣಿ ಮಾಡಿ ಹ್ಯಾಂಗ ಹೇಳಲಿ ದೊಡ್ಡವ್ವಾ? ಆದ್ರ ಅಷ್ಟು ದೂರದಿಂದ ಬ್ರೇಕ್ ಒತ್ತಿದ್ದು ಖರೆ ಇದ್ರ... ನಿಲ್ಲತಿತ್ತು ಅನ್ನಸ್ತೈತಿ."

"ಹಂಗಾರ ಇದು ಹಣೆಬರಾ ಅಲ್ಲ."

ಸಾವಂತ್ರೆವ್ವ ಅಲ್ಲೇ ನೆಲದ ಮೇಲೆ ಕುಳಿತಳು. "ಇಷ್ಟು ದಿನಾ ದೇವರ ಮ್ಯಾಲ ಹಾಕಿ ಅಳತಿದ್ನೆವ್ವಾ. ಅಂವ ಕೊಟ್ಟಾ, ಅಂವ ಕಸಗೊಂಡಾ ಅಂತ. ಈಗ ಯಾರ ಮ್ಯಾಲ ಹಾಕಲಿ? ಯಾಕರ ಹೇಳಿದಿ ನೀ?"

ಹಣೆಬರಹವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ತಪ್ಪಿಸಬಹುದಾಗಿದ್ದ ಸಾವನ್ನು ನುಂಗುವುದು ಹೇಗೆ? ಮನೆಗೆ ಬಂದು ಚಾಪೆಯ ಮೇಲೆ ಬಿದ್ದವಳು ಗೋಡೆಗೆ ಮುಖ ಮಾಡಿಕೊಂಡೇ ಇದ್ದಳು. ಕಸ್ತೂರಿ ಎಷ್ಟು ಕರೆದರೂ ಹೊರಳಲಿಲ್ಲ.

ಮರುದಿನ ಮುಂಜಾನೆ ಮೋಡ ಕವಿದಿತ್ತು. ಸೋಮೇಶ ಹಾರ್ನ್ ಹೊಡೆದ. ಹೆಣ್ಣುಮಕ್ಕಳು ಹತ್ತಿ ಕುಳಿತಿದ್ದರು. ಕಸ್ತೂರಿ ಕಾಲೆತ್ತಿ ಇಡುವಷ್ಟರಲ್ಲಿ ಸಾವಂತ್ರೆವ್ವ ಓಡಿಬಂದು ಅವಳ ರಟ್ಟೆ ಹಿಡಿದಳು.

"ಇಳೀರೆವ್ವಾ, ಎಲ್ಲಾರೂ ಇಳೀರಿ. ಈ ಟೈರ್ ಮ್ಯಾಲ ಯಾರೂ ಹೋಗೂದು ಬ್ಯಾಡ."

"ಬೇ, ಹೊತ್ತಾಕ್ಕೈತಿ, ಬಿಡು!" ಸೋಮೇಶ ರೇಗಿದ. "ಒಂದಿನಾ ಕೆಲಸ ತಪ್ಪಿದ್ರ ಇವರ ಪಗಾರ ನೀ ಕೊಡ್ತಿ ಏನು?"

"ನಾ ಎಲ್ಲಿಂದ ಕೊಡಲೋ? ಕೊಡೂದು ಕೊಟ್ಟೀನಲ್ಲೋ ನಾನು! ಇದ ಸೀಟಿನ್ಯಾಗ ಕೊಟ್ಟೀನಲ್ಲೋ!"

ಅವಳ ಕೂಗಿಗೆ ಓಣಿಯೇ ನಿಂತುಬಿಟ್ಟಿತು. ಕಾಲಿಗೆ ರಾಡು ಹಾಕಿಸಿಕೊಂಡು ಮತ್ತೆ ಕೆಲಸಕ್ಕೆ ಹೊರಟಿದ್ದ ಮುನ್ನಿ ಮೊದಲು ಇಳಿದಳು. "ಖರೆ ಐತಿ. ಅವತ್ತ ಗಾಡಿ ಜಾರಿದ್ದು ನನ್ನ ಕಾಲಿಗೆ ಇನ್ನಾ ನೆನಪೈತಿ," ಎಂದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು ಇಳಿದರು. ಖಾಲಿ ಗಾಡಿಯಲ್ಲಿ ಸೋಮೇಶ ಒಬ್ಬನೇ ಸ್ಟೇರಿಂಗ್ ಹಿಡಿದು ಕುಳಿತ. ಆ ದಿನದ ಪಗಾರ ಎಲ್ಲರಿಗೂ ಹೋಯಿತು. ಕೆಲವರು ಸಾವಂತ್ರೆವ್ವನನ್ನು ಬೈದುಕೊಂಡೇ ಮನೆಗೆ ಹೋದರು.

ಸೋಮೇಶ ಮಧ್ಯಾಹ್ನ ಅವಳ ಕಟ್ಟೆಗೆ ಬಂದ. ಅವನ ಹೆಂಡತಿಯೂ ಅದೇ ಗಾಡಿಯಲ್ಲಿ ಕಾರ್ಖಾನೆಗೆ ಹೋಗುವವಳು. ಮನೆಯಲ್ಲಿ ಏನು ಮಾತಾಯಿತೋ, ತಲೆ ತಗ್ಗಿಸಿ ಹೇಳಿದ: "ಬೇ, ಗದಗಿಗೆ ಹೊಂಟೀನಿ. ಸಪ್ನಾನೂ ಟೈರಿನ ಅಂಗಡಿಗೆ ಬರತೀನಿ ಅಂದಾಳ. ನೀನೂ ಬಾ."

ಗದಗಿಗೆ ಅಂಟಿದ ಬೆಟಗೇರಿಯ ಕಡೆ ಅಬ್ದುಲಗನಿ ಎಂಬವರ ಟೈರಿನ ಅಂಗಡಿ. ಸಪ್ನಾ ಬಾಯಿ ತೆರೆಯುವ ಮೊದಲೇ ಸಾವಂತ್ರೆವ್ವ ಮುಂದೆ ಹೋಗಿ ನಿಂತಳು.

"ಸಾಹೇಬ್ರ, ಹಸಿ ರಸ್ತಿ ಮ್ಯಾಲ ನಿಂದರೂ ಟೈರ್ ಯಾವ್ದೈತಿ?"

ಅಬ್ದುಲಗನಿ ಅವಳನ್ನೇ ನೋಡಿದರು. "ಎಷ್ಟಕ್ಕ ಕೊಡ್ತಿ ಅಂತ ಎಲ್ಲಾರೂ ಕೇಳತಾರ. ಇದನ್ನ ಯಾರೂ ಕೇಳಿದ್ದಿಲ್ಲ ಯವ್ವಾ," ಎಂದು ಎದ್ದು ಒಳಗಿನಿಂದ ಟೈರು ಉರುಳಿಸಿಕೊಂಡು ಬಂದರು. ಲೇಬಲ್ ತೋರಿಸಿದರು. ತಯಾರಾದ ವರ್ಷ ತೋರಿಸಿದರು. ಒಂದು ಟೈರಿನ ಬಗ್ಗೆ, "ಇದರ ಮಳಿ ಹಿಡಿತದ ಮಾಹಿತಿ ನನ್ನ ಕಡೆ ಇಲ್ಲ, ಸುಳ್ಳ ಹೇಳಂಗಿಲ್ಲ," ಎಂದು ಬದಿಗಿಟ್ಟರು. ಜೀಪಿನ ಅಳತೆ, ಭಾರ ಎಲ್ಲ ಕೇಳಿ, ಮೂರೂ ಮಾಹಿತಿ ಇದ್ದ ಟೈರನ್ನೇ ಹಾಕಿದರು. ಹಳೆಯವನ್ನು ಮತ್ತೆ ಯಾರೂ ಬಳಸದಂತೆ ಸೋಮೇಶ ಅಲ್ಲೇ ಕೊಯ್ಯಿಸಿದ.

ಊರಿಗೆ ಬಂದ ಸಾವಂತ್ರೆವ್ವ ಮನೆಗೆ ಹೋಗಲಿಲ್ಲ. ನೆಟ್ಟಗೆ ತಮ್ಮನ ಮನೆಗೆ ಹೋದಳು. ಫಕ್ಕೀರಪ್ಪ ಮೂಲೆಯಲ್ಲಿದ್ದ. ಗಡ್ಡ ಬೆಳೆದು ಗುರುತೇ ಸಿಗದಂತಾಗಿದ್ದ.

"ತಮ್ಮಾ, ನೀ ಬ್ರೇಕ್ ಒತ್ತಿದ್ದಿ. ನನಗ ಗೊತ್ತಾತು."

ಅವನು ತಲೆಯೆತ್ತಿದ. ಟೈರಿನ ಸುದ್ದಿ ಅವನಿಗೂ ಮುಟ್ಟಿತ್ತು.

"ಆ ಟೈರ್ ಹುಡುಕಿ ತಂದಾಂವ ನಾನ ಅಲ್ಲೇನಕ್ಕಾ? ಅಕಿ ನನಗ ಹೇಳಿದ್ಲು, ಮಾವಾ ಗಾಡಿ ಒದರತೈತಿ ಅಂತ. ಒಂದ ಮಾತ ಯಾರನ್ನರ ಕೇಳಲಿಲ್ಲ ನಾ."

"ನಿನಗ ಯಾರ ಹೇಳಿದ್ರೋ? ಯಾರೂ ಹೇಳಲಿಲ್ಲ."

"ಕೇಳಬೇಕಾಗಿತ್ತು."

ಅವಳು ಅವನ ಮಗ್ಗುಲಲ್ಲಿ ಕುಳಿತು, ಅವನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. ಫಕ್ಕೀರಪ್ಪ ಇವತ್ತಿಗೂ ಸ್ಟೇರಿಂಗ್ ಮುಟ್ಟಿಲ್ಲ. ಸಾವಂತ್ರೆವ್ವ ಇವತ್ತಿಗೂ ಕಸ್ತೂರಿ ಇಳಿಯುವ ತನಕ ಕಟ್ಟೆ ಬಿಟ್ಟು ಏಳುವುದಿಲ್ಲ. ಒಳ್ಳೆಯ ಟೈರು ಬಂದವು. ಹೋದವಳು ಬರಲಿಲ್ಲ.

ಸಂಘದಲ್ಲಿ ಕುಳಿತು ಇದನ್ನು ಕೇಳುತ್ತಿರುವ ಅಕ್ಕ ತಂಗಿಯರೇ, ಗಾಡಿ ನಡೆಸುವ ಅಣ್ಣ ತಮ್ಮಂದಿರೇ, ಟೈರು ಕೊಳ್ಳುವಾಗ ಬೆಲೆ ಒಂದನ್ನೇ ಕೇಳಬೇಡಿ. ಲೇಬಲ್ ಇದೆಯೇ ನೋಡಿ. ಎಷ್ಟು ಇಂಧನ ಉಳಿಸುತ್ತದೆ, ಹಸಿ ರಸ್ತೆಯಲ್ಲಿ ಎಷ್ಟು ಹಿಡಿಯುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂದು ಬಾಯಿಬಿಟ್ಟು ಕೇಳಿ. ತಯಾರಾದ ವರ್ಷವನ್ನು ನಿಮ್ಮ ಕಣ್ಣಿನಿಂದಲೇ ಓದಿಕೊಳ್ಳಿ. ಮಿಂಚುವುದೆಲ್ಲ ಹೊಸದಲ್ಲ. ಗಾಡಿ ನಮ್ಮದಲ್ಲ, ನಮಗೇಕೆ ಎನ್ನಬೇಡಿ. ನಿಮ್ಮ ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಯ, ನೀವು ಕೆಲಸಕ್ಕೆ ಹತ್ತುವ ಗಾಡಿಯ ಟೈರನ್ನು ನೋಡುವ ಹಕ್ಕು ನಿಮಗಿದೆ. ಟೈರು ಸರಿಯಿಲ್ಲದಿದ್ದರೆ ಇಳಿಯಿರಿ. ಒಂದು ದಿನದ ಪಗಾರ ಹೋದರೆ ಹೋಗಲಿ.

ಸಾವಂತ್ರೆವ್ವನಿಗೆ ಇದನ್ನು ಹೇಳುವವರು ಒಂದು ಮಳೆ ತಡವಾಗಿ ಬಂದರು. ನಿಮಗೆ ಮಳೆ ಬರುವ ಮುಂಚೆಯೇ ಹೇಳಿದ್ದೇವೆ.