ಟೋಪಿಯವನ ಮಾತು

ನಮ್ಮನೆಯವರು ತರಕಾರಿ ಮಂಡಿಯಲ್ಲಿ ಹರಾಜು ಕೂಗೋರು. ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಾ ಬಂದವನಿಗೂ ಎರಡು ಮೂಟೆ ಈರುಳ್ಳಿ ಹೊರಿಸಿ ಕಳಿಸುವ ಗಂಟಲು ಅದು. ಅದಕ್ಕೆ ಹೊಗೆ ಕುಡಿಸಿ ಕುಡಿಸಿ ಗಡ್ಡೆ ತರಿಸಿಕೊಂಡರು. ನಾನು ಬಾಯಿ ಬಡಕೊಂಡಿದ್ದು ಒಂದಾ ಎರಡಾ! ಕೇಳಿದ್ದರೆ ತಾನೆ? ಈಗ ಧ್ವನಿಪೆಟ್ಟಿಗೆಯನ್ನೇ ತೆಗೀಬೇಕು ಅಂದರು ಡಾಕ್ಟರು. ಜೀವ ಉಳಿಯುತ್ತೆ, ಮಾತು ಉಳಿಯಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ನಮ್ಮ ಚಿನಕುರುಳಿ ವಾರ್ಡಿಗೆ ಬಂದು ಅಪ್ಪನ ಮಂಚ ಹತ್ತಿ ಕೂತಳು. ಮಗಳಿಗೆ ಹನ್ನೆರಡು, ನಾಲಿಗೆಗೆ ನಲವತ್ತು. ಶಾಲೆಯವರು ಫೋನಿಗೊಂದು ಗೇಮ್ ಹಾಕಿಕೊಟ್ಟಿದ್ದರು. ಅದರಲ್ಲೊಬ್ಬ ಟೋಪಿ ಹುಡುಗ ಹೋದಲ್ಲೆಲ್ಲ ಎದುರಾಗಿ ಸಿಗರೇಟು ಚಾಚ್ತಾನೆ. ಬೇಡ ಅನ್ನೋಕೆ ಸರಿಯಾದ ಉತ್ತರ ಒತ್ತಿದರೆ ಅವನು ಪುಸ್ಸಂತ ಮಾಯ, ಇವಳಿಗೆ ಪಾಯಿಂಟು. ಟಕಟಕ ಎಲ್ಲ ಲೆವೆಲ್ಲೂ ಮುಗಿಸಿ, "ನೋಡಪ್ಪ, ನನ್ನ ಯಾರೂ ಸೋಲಿಸೋಕಾಗಲ್ಲ" ಅಂದಳು.

ಇವರು ಆ ಒಡಕಲು ದನಿಯಲ್ಲೇ ನಕ್ಕರು. "ಇವನಿಗೆ ಕೇಳೋಕೇ ಬರಲ್ಲ ಕಣೇ. ಮಂಡಿಗೆ ಕಳಿಸಿದ್ರೆ ಒಂದು ಕಟ್ಟು ಸೊಪ್ಪೂ ಮಾರಲ್ಲ. ತಡಿ, ನಾನಾಗ್ತೀನಿ ಟೋಪಿಯವನು."

ಜ್ಯೂಸಿನ ಸ್ಟ್ರಾ ಕತ್ತರಿಸಿ ಎರಡು ಬೆರಳ ನಡುವೆ ಹಿಡಿದರು.

"ಮಾತು ಕಮ್ಮಿ ಮಾಡಿ ಅಂದಿದಾರೆ ರೀ" ಅಂದೆ.

"ನಾಳೆಯಿಂದ ಪೂರ್ತಿ ಕಮ್ಮಿ ಮಾಡ್ತೀನಲ್ಲ ಮಾರಾಯ್ತಿ."

ಸ್ಟೂಲು ಎಳಕೊಂಡು ಪಕ್ಕದಲ್ಲೇ ಕೂತೆ.

ಮೊದಲು ಕೆಣಕಿದರು. "ಹೆದರುಪುಕ್ಕಲಿ!"

"ಹೂಂ, ಹೆದರುಪುಕ್ಕಲೀನೇ. ಬೇಡ."

"ಇದನ್ನ ಹಿಡಿದ್ರೆ ಎಷ್ಟು ದೊಡ್ಡೋಳ ಥರ ಕಾಣ್ತೀಯ ಗೊತ್ತಾ?"

"ಕೆಮ್ಮೋ ಮುದುಕಿ ಥರ ಕಾಣ್ತೀನಿ. ಬೇಡ."

ಪಕ್ಕದ ಮಂಚದ ಡ್ರೈವರಿಗೂ ನಗು ಬಂತು. ಆಗ ಇವರು ದನಿ ಇಳಿಸಿದರು. ಮಂಡಿಯಲ್ಲಿ ಗಿರಾಕಿ ಇನ್ನೇನು ಹೊರಟೇಬಿಟ್ಟ ಅನ್ನುವಾಗ ಹೀಗೇ ಇಳಿಸೋರು.

"ನಾಳೆ ಏನಾಗುತ್ತೋ ಏನೋ ಮಗಳೇ. ಅಪ್ಪನಿಗೋಸ್ಕರ. ಒಂದೇ ಒಂದು ಸಲ."

ಅವಳು ಅವರ ಮುಖವನ್ನೇ ನೋಡಿದಳು. ಕಣ್ಣು ತುಂಬಿಬಂತು. ಕೈ ಚಾಚಿ ಸ್ಟ್ರಾ ತಗೊಂಡು ತುಟಿಗಿಟ್ಟುಕೊಂಡಳು.

ಬರೀ ಸ್ಟ್ರಾ ಕಣ್ರೀ. ಆದರೂ ಇವರ ಮುಖ ಬಿಳಿಚಿಕೊಂಡಿತು. ಅದನ್ನ ಕಿತ್ತುಕೊಂಡು, "ನಮ್ಮಣ್ಣ ನನಗೂ ಹೀಗೇ ಕೊಟ್ಟಿದ್ದು. ಪ್ರೀತಿಯಿಂದಾನೇ ಕೊಟ್ಟ" ಅಂದು ಗೋಡೆ ಕಡೆ ತಿರುಗಿ ಮಲಗಿದರು. ನನ್ನ ತಂಗಿ ಬಂದು ಮಗಳನ್ನ ಕರಕೊಂಡು ಹೋದಳು.

ಬೆಳಿಗ್ಗೆ ಸ್ಟ್ರೆಚರ್ ಬಂತು. ನಿನ್ನೆ ಅಷ್ಟು ಮಾತಾಡಿ ಇವರ ದನಿ ಹೆಚ್ಚುಕಮ್ಮಿ ಕಟ್ಟೇ ಹೋಗಿತ್ತು. ನನಗೂ ಒಂದಾಸೆ ಇತ್ತು, ಯಾಕೆ ಸುಳ್ಳು ಹೇಳಲಿ? ಇವರು ಒಂದು ಸಲ ನನ್ನ ಹೆಸರು ಹಿಡಿದು ಕರೀತಾರೆ, ಅದನ್ನ ಇಟ್ಟುಕೊಂಡು ಬದುಕ್ತೀನಿ ಅಂತ. ಅಷ್ಟರಲ್ಲಿ ಚಿನಕುರುಳಿ ಚಿಕ್ಕಮ್ಮನ ಕೈ ಕೊಸರಿಕೊಂಡು ಓಡಿಬಂದು ಸ್ಟ್ರೆಚರಿನ ಕಂಬಿ ಹಿಡಿದಳು. ಅತ್ತೂ ಅತ್ತೂ ಮುಖ ಊದಿತ್ತು.

"ಅಪ್ಪ, ಇನ್ನೊಂದು ಸಲ ಕೇಳು. ನಿನ್ನೆ ಥರಾನೇ."

ಇವರು ಆಗಲ್ಲ ಅಂತ ತಲೆ ಅಲ್ಲಾಡಿಸಿದರು.

"ಕೇಳು ಅಂದ್ನಲ್ಲ!"

ಇವರು ನನ್ನ ಕಡೆ ನೋಡಿದರು. ಅಯ್ಯೋ, ನನ್ನಾಸೆ ಗೊತ್ತಿತ್ತು ಅವರಿಗೆ. ನಾನು ಹೂಂ ಅಂದೆ.

"ಅಪ್ಪನಿಗೋಸ್ಕರ ಮಗಳೇ" ಅಂದರು, ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿ. "ಒಂದೇ ಒಂದು ಸೇದು."

ಅವಳು ಕಂಬಿ ಬಿಡಲಿಲ್ಲ. "ನೀನು ಕೇಳಿದ್ರೂ ಬೇಡ ಅಪ್ಪ."

ಇವರು ಕಣ್ಣು ಮುಚ್ಚಿ ಸಮಾಧಾನದ ನಿಟ್ಟುಸಿರು ಬಿಟ್ಟರು. ಲಿಫ್ಟಿನೊಳಗೆ ಒಬ್ಬರೇ ಬನ್ನಿ ಅಂತ ವಾರ್ಡ್‌ಬಾಯ್ ನನ್ನನ್ನ ಮಾತ್ರ ಬಿಟ್ಟ. ಬಾಗಿಲು ಮುಚ್ಚಿದ ಮೇಲೆ ಇವರು ನನ್ನ ಕಡೆ ತಿರುಗಿ ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟರು. ಇಲ್ಲ.

"ಇರಲಿ ಬಿಡಿ" ಅಂದೆ. ಅವರ ಹೊದಿಕೆ ಎಳೆದು ಸರಿಮಾಡಿದೆ.

ಈಗ ಮನೆಯಲ್ಲಿದ್ದಾರೆ. ಉಸಿರಾಡೋಕೆ ಡಾಕ್ಟರು ಮಾಡಿದ ಕತ್ತಿನ ತೂತಿಗೆ ಬಟ್ಟೆ ಕಟ್ಟಿಕೊಂಡು, ಕೈಸನ್ನೆಯಲ್ಲೇ ಎಲ್ಲ. ಮೊನ್ನೆ ಊಟ ಮಾಡ್ತಾ ಮಗಳು ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅಮ್ಮ, ಲಿಫ್ಟಲ್ಲಿ ಅಪ್ಪ ನಿನಗೇನಂದ? ಕೊನೇ ಮಾತು ನಾನೇ ಕಿತ್ಕೊಂಡ್ನಾ?"

"ಹೋಗೇ, ದೊಡ್ಡದಾಗಿ ಕೇಳೋಕೆ ಬಂದ್ಬಿಟ್ಳು! ನನ್ನ ಹೆಸರು ಹಿಡಿದು ಕರೆದರು" ಅಂದೆ.

ಅವಳು ಅಪ್ಪನ ಕಡೆ ತಿರುಗಿದಳು. ಇವರು ತಟ್ಟೆಯಿಂದ ತಲೆ ಎತ್ತಿ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ, ಹೌದು ಅಂತ ತಲೆ ಆಡಿಸಿದರು.